ಮೆಟ್ಟಿಲು ನುಂಗಿದ ಅಡ್ಡರಸ್ತೆಗಳು

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಅಪಾರ್ಟ್‌ಮೆಂಟುಗಳ ಮಧ್ಯೆ ಇನ್ನೂ ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ ಉಳಿದಿದೆ. ಅವುಗಳ ಮುಂದೆ ನಿಂತು ಕಂಬ, ಕಿಟಕಿ, ಮಂಕಿಟಾಪ್ ನೋಡುವವರೇ ಹೆಚ್ಚು. ನಾನು ಮೆಟ್ಟಿಲು ನೋಡುತ್ತೇನೆ. ಕಟ್ಟಿಸಿದವರು ಬೀದಿಯಿಂದ ಜಗಲಿಗೆ ಮೂರು ನಾಲ್ಕು ಮೆಟ್ಟಿಲು ಇಡಿಸಿದ್ದರು. ಈಗ ಒಂದೋ ಒಂದೂವರೆಯೋ ಕಾಣುತ್ತದೆ. ಕೆಲವು ಮನೆಗಳಿಗಂತೂ ಗೇಟು ದಾಟಿ ಕೆಳಗಿಳಿದೇ ಹೋಗಬೇಕು. ಜೋರು ಮಳೆ ಬಂದ ರಾತ್ರಿ ಆ ಮನೆಯವರು ಬಾಗಿಲ ಸಂದಿಗೆ ಗೋಣಿಚೀಲ ತುರುಕಿ ಎಚ್ಚರವಾಗಿ ಕೂರುತ್ತಾರೆ. ಮನೆ ತಗ್ಗಿದ್ದಲ್ಲ, ರಸ್ತೆ ಏರಿದ್ದು. ಟಾರಿನ ಮೇಲೆ ಟಾರು ಸುರಿಯುತ್ತಾ ನಮ್ಮ ಊರು ತನ್ನ ಮನೆಗಳ ಮೆಟ್ಟಿಲನ್ನೇ ಹೂತುಹಾಕಿದೆ. ಅದಕ್ಕೆ ಆದ ಖರ್ಚೂ ಸಣ್ಣದಲ್ಲ.

ವಸತಿ ಬೀದಿಗಳನ್ನು ಕಡಿಮೆ ದುಡ್ಡಿನಲ್ಲಿ ಚೆನ್ನಾಗಿ ಇಟ್ಟುಕೊಳ್ಳುವ ವಿದ್ಯೆ ಈ ಊರಿಗೆ ಗೊತ್ತಿತ್ತು. ಅದು ನಡೆಯುತ್ತಿದ್ದುದನ್ನು ಕಣ್ಣಾರೆ ಕಂಡವಳು ನಾನು. ಕೈಬಿಟ್ಟು ಹೋದದ್ದನ್ನೂ ಕಂಡಿದ್ದೇನೆ. ಅಪ್ಪ ಸ್ಟೀಮ್ ರೋಲರ್ ಓಡಿಸುತ್ತಿದ್ದರು. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ, 1980ರ ದಶಕದ ಆರಂಭದಲ್ಲಿ ಜೂನಿಯರ್ ಎಂಜಿನಿಯರಾಗಿ ಕೆಲಸಕ್ಕೆ ಸೇರಿ, ನಿವೃತ್ತಿಯಾಗುವವರೆಗೂ ರಸ್ತೆ, ಮೋರಿ, ಫುಟ್‌ಪಾತುಗಳ ನಡುವೆಯೇ ಇದ್ದೆ. ಅಪ್ಪನ ಕಾಲದ ರಸ್ತೆ ಮತ್ತು ನನ್ನ ಕಾಲದ ರಸ್ತೆ, ಎರಡರ ಕೆಲಸವೂ ಗೊತ್ತಿರುವುದರಿಂದ ಇದನ್ನು ಬರೆಯಬೇಕೆನಿಸಿತು.

ಮೈಸೂರು ಸಂಸ್ಥಾನದಲ್ಲಿ ಲೋಕೋಪಯೋಗಿ ಇಲಾಖೆ ಶುರುವಾದದ್ದು 1856ರಲ್ಲಿ, ಮಾರ್ಕ್ ಕಬ್ಬನ್ ಕಮಿಷನರಾಗಿದ್ದಾಗ. ಆಗಿನ ರಸ್ತೆ ಎಂದರೆ ಊರಿಂದೂರಿಗೆ ಹೋಗುವ ದಾರಿ, ಘಟ್ಟ ಇಳಿಯುವ ದಾರಿ. ಮನೆಗಳ ಮುಂದಿನ ಬೀದಿಗೆ ಒಬ್ಬ ಯಜಮಾನ ಸಿಕ್ಕಿದ್ದು 1862ರಲ್ಲಿ ಬೆಂಗಳೂರಿಗೆ ಪುರಸಭೆ ಬಂದ ಮೇಲೆ. ಪೇಟೆಗೆ ಒಂದು ಆಡಳಿತ, ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಇನ್ನೊಂದು. ಎರಡೂ ಒಂದಾಗಿ ಕಾರ್ಪೊರೇಷನ್ ಆದದ್ದು 1949ರಲ್ಲಿ. ಈ ನಡುವೆ 1892ರಲ್ಲಿ ಚಾಮರಾಜಪೇಟೆ ಬಂತು. ಬಸವನಗುಡಿ, ಮಲ್ಲೇಶ್ವರಗಳೂ ಅದೇ ದಶಕದಲ್ಲಿ ರೂಪ ಪಡೆದವು. 1898ರ ಪ್ಲೇಗು ಪೇಟೆಯನ್ನು ಹಿಂಡಿದಾಗ ಜನ ಇಕ್ಕಟ್ಟಿನ ಓಣಿಗಳನ್ನು ಬಿಟ್ಟು ಈ ಬಡಾವಣೆಗಳಿಗೆ ಬಂದರು. ಗಾಳಿ ಬೆಳಕು ಬೇಕೆಂದು ನೇರವಾದ ಬೀದಿಗಳು, ಬೀದಿಯ ಎರಡು ಮಗ್ಗುಲಿಗೂ ಮೋರಿ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಆ ಹಿಂಬದಿಯ ಗಲ್ಲಿ ಮಲ ಹೊರುವವರ ದಾರಿಯಾಗಿತ್ತು. ಮನುಷ್ಯರಿಗೆ ಮಾಡಿದ ಆ ಅನ್ಯಾಯವನ್ನು ಮರೆಯದೆಯೇ ಒಂದು ಮಾತು ಹೇಳುತ್ತೇನೆ: ಎರಡು ಸಾಲು ಮನೆಗಳ ಬೆನ್ನಿಗೆ ಹೀಗೊಂದು ಜಾಗ ಬಿಟ್ಟಿದ್ದರಿಂದ ಮುಂಬೀದಿಯನ್ನು ಅಗೆಯದೆ ಎಷ್ಟೋ ಕೆಲಸ ಮಾಡಿಕೊಳ್ಳುವ ಅವಕಾಶ ಈ ಬಡಾವಣೆಗಳಿಗಿತ್ತು. ಹೆಚ್ಚಿನ ಕಡೆ ಆ ಗಲ್ಲಿಗಳು ಒತ್ತುವರಿಯಾದವು, ಇಲ್ಲವೇ ಕಸದ ತೊಟ್ಟಿಯಾದವು.

ಬೀದಿಗೆ ಬೇಕಾದ ಕಲ್ಲಿಗೆ ಇಲ್ಲಿ ಬರವಿರಲಿಲ್ಲ. ಲಾಲ್‌ಬಾಗಿನ ಬಂಡೆ ಯಾವ ಕಲ್ಲೋ ಊರ ಸುತ್ತಲಿನ ನೆಲದಡಿಯಲ್ಲೂ ಅದೇ ನೈಸ್ ಶಿಲೆ, ಗಟ್ಟಿ, ಮೂಲೆ ಚೂಪಾಗಿ ಒಡೆಯುವಂಥದ್ದು. ಆ ಚೂಪು ಮೂಲೆಯ ಮೇಲೆ ಇಡೀ ರಸ್ತೆವಿದ್ಯೆ ನಿಂತಿತ್ತು. ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕ್ಯಾಡಮ್ 1816ರಲ್ಲಿ ಬ್ರಿಸ್ಟಲ್ ರಸ್ತೆಗಳ ಸರ್ವೇಯರ್ ಆದ ಮೇಲೆ ತೋರಿಸಿಕೊಟ್ಟದ್ದು ಇದನ್ನೇ. ತಳಕ್ಕೆ ದೊಡ್ಡ ಚಪ್ಪಡಿ ಬೇಕಿಲ್ಲ; ಭಾರ ಹೊರುವುದು ಕೆಳಗಿನ ನೆಲ; ಆ ನೆಲ ಒಣಗಿದ್ದರೆ ಸಾಕು, ಸಣ್ಣಗೆ ಒಡೆದ ಚೂಪು ಜಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಚಾವಣಿಯಾಗಿ ನಿಲ್ಲುತ್ತದೆ. ಕಾಲುವೆ, ನದಿಗಳಲ್ಲಿ ಉರುಳಿ ನುಣುಪಾದ ಕಲ್ಲು ಕಚ್ಚಿಕೊಳ್ಳುವುದಿಲ್ಲ. ದಪ್ಪ ಕಲ್ಲು ಚಕ್ರಕ್ಕೆ ಸಿಕ್ಕಿ ಮೇಲೇಳುತ್ತದೆ. ರಸ್ತೆಯ ಖರ್ಚು ಇಳಿಯಬೇಕಾದರೆ ಮೊದಲು ನೀರನ್ನು ಹೊರಗಿಡಬೇಕು ಎಂದು ಅವನು ಇನ್ನೂರು ವರ್ಷದ ಹಿಂದೆ ಕಂಡುಕೊಂಡದ್ದನ್ನೇ ನಾನು ನನ್ನ ನೌಕರಿಯುದ್ದಕ್ಕೂ ಕಡತಗಳಲ್ಲಿ ಬರೆಯುತ್ತಾ ಬಂದೆ.

ಜಲ್ಲಿ ಒಡೆಯುತ್ತಿದ್ದವರು ಹೆಚ್ಚಾಗಿ ಭೋವಿ ಸಮುದಾಯದವರು, ಕಲ್ಲುವಡ್ಡರೆಂದು ಊರು ಕರೆಯುತ್ತಿದ್ದ ಜನ. ನನ್ನ ಬಾಲ್ಯದಲ್ಲೂ ರಸ್ತೆ ಬದಿಯಲ್ಲಿ ತೆಂಗಿನ ಗರಿಯ ನೆರಳು ಮಾಡಿಕೊಂಡು ಗಂಡಸರು, ಹೆಂಗಸರು ಕುಕ್ಕರುಗಾಲಿನಲ್ಲಿ ಕೂತು ಸುತ್ತಿಗೆ ಬೀಸುತ್ತಿದ್ದರು. ಬೆರಳಿಗೆ ಸೈಕಲ್ ಟ್ಯೂಬಿನ ಚೂರು ಸುತ್ತಿಕೊಂಡಿರುತ್ತಿದ್ದರು. ಬಂಡೆಯಿಂದ ಬಂದ ತುಂಡು ಮೊದಲು ದೊಡ್ಡ ಸುತ್ತಿಗೆಗೆ, ಆಮೇಲೆ ಸಣ್ಣದಕ್ಕೆ. ಎರಡೂವರೆ ಇಂಚು, ಒಂದೂವರೆ ಇಂಚು, ಮುಕ್ಕಾಲು, ಅರ್ಧ, ಕೊನೆಗೆ ಕಲ್ಲುಪುಡಿ. ಕೂಲಿ ದಿನದ ಲೆಕ್ಕಕ್ಕಲ್ಲ, ಅಳತೆಯ ಲೆಕ್ಕಕ್ಕೆ. ಒಡೆದದ್ದನ್ನು ರಸ್ತೆ ಅಂಚಿನಲ್ಲಿ ಚೌಕವಾಗಿ ಒಟ್ಟಬೇಕು. ಇನ್‌ಸ್ಪೆಕ್ಟರು ಬಂದು ಉದ್ದ, ಅಗಲ, ಎತ್ತರ ಅಳೆದು, ಕಲ್ಲಿನ ಸಂದಿನ ಗಾಳಿಗೆಂದು ಇಷ್ಟು ಕಳೆದು ಪುಸ್ತಕಕ್ಕೆ ಬರೆದುಕೊಳ್ಳುವರು. ಆ ಕಳೆತ ಒಡೆದವರ ಕೂಲಿಯಿಂದಲೇ ಹೋಗುತ್ತಿತ್ತು. ರಸ್ತೆ ಅಗ್ಗವಾಗಿತ್ತು ಎಂದು ಹೇಳುವಾಗ ಆ ಅಗ್ಗದ ಒಂದು ಪಾಲು ಈ ಜನರ ಕಣ್ಣು, ಬೆರಳು, ಶ್ವಾಸಕೋಶಗಳಿಂದ ಬಂದದ್ದು ಎಂಬುದನ್ನು ಬಿಟ್ಟು ಹೇಳಿದರೆ ಅದು ಸುಳ್ಳು ಇತಿಹಾಸ. ಕ್ರಷರ್ ಬಂದ ಮೇಲೆ ಸುತ್ತಿಗೆ ನಿಂತಿತು. ಕಲ್ಲಿನ ಧೂಳು ಮಾತ್ರ ನಿಲ್ಲಲಿಲ್ಲ, ಇನ್ನೂ ನುಣ್ಣಗಾಗಿ ಅದೇ ಜನರ ಎದೆಗೆ ಇಳಿಯಿತು.

ಜಲ್ಲಿ ರಸ್ತೆ ಹಾಕುವ ಕೆಲಸ ಅವಸರದ್ದಲ್ಲ. ನೆಲವನ್ನು ನಡುವೆ ಎತ್ತರ, ಅಂಚಿಗೆ ಇಳಿಜಾರು ಮಾಡಿ ಗಟ್ಟಿ ಮಾಡಬೇಕು. ಮರದ ಕ್ಯಾಂಬರ್ ಬೋರ್ಡಿನ ಮೇಲೆ ರಸಮಟ್ಟ ಇಟ್ಟು ನೋಡುವುದು ಮೇಸ್ತ್ರಿಯ ಕೆಲಸ. 18 ಅಡಿ ಅಗಲದ ಬೀದಿಯಾದರೆ ನಡು ಅಂಚಿಗಿಂತ ಎರಡೂಕಾಲರಿಂದ ಮೂರು ಇಂಚು ಮೇಲಿರಬೇಕು. ಇದಕ್ಕಿಂತ ಚಪ್ಪಟೆಯಾದರೆ ನೀರು ನಿಲ್ಲುತ್ತದೆ, ಇದಕ್ಕಿಂತ ಉಬ್ಬಿದರೆ ಗಾಡಿಗಳೆಲ್ಲ ನಡುಗೆರೆಯಲ್ಲೇ ಓಡಿ ಅಲ್ಲೇ ಹಳ್ಳ ಮಾಡುತ್ತವೆ. ಆಮೇಲೆ ಜಲ್ಲಿ ಹರಡುವುದು, ಒಣದಾಗಿಯೇ ರೋಲರ್ ಓಡಿಸುವುದು.

ರೋಲರ್ ಎಂದರೆ ನನಗೆ ಅಪ್ಪನ ಕೈಯ ಎಣ್ಣೆ ವಾಸನೆ. ಬಹಳ ಹಿಂದೆ ಎತ್ತು ಕಟ್ಟಿ ಎಳೆಯುವ ಕಲ್ಲಿನ ಉರುಳೆಗಳಿದ್ದವು. ಆಮೇಲೆ ಇಂಗ್ಲೆಂಡಿನಿಂದ ಉಗಿಯಂತ್ರದವು ಬಂದವು, ಮಾರ್ಷಲ್, ಫೌಲರ್, ಅವೆಲಿಂಗ್ ಅಂಡ್ ಪೋರ್ಟರ್. ಅಪ್ಪನದು ಅವೆಲಿಂಗ್, ಕೆಂಟ್ ಸೀಮೆಯ ರೋಚೆಸ್ಟರಿನಲ್ಲಿ ಹುಟ್ಟಿದ್ದು. ಅದರ ಮೂತಿಯ ಮೇಲೆ ಹಿಂಗಾಲಲ್ಲಿ ಎದ್ದು ನಿಂತ ಹಿತ್ತಾಳೆ ಕುದುರೆ ಇತ್ತು. ಆಯುಧಪೂಜೆಗೆ ಅದನ್ನು ಹುಣಿಸೆಹಣ್ಣು ಹಾಕಿ ತಿಕ್ಕುವುದು ನನ್ನ ಪಾಲಿನ ಕೆಲಸ. ಬೆಳಗಿನ ಜಾವವೇ ಎದ್ದು ಬಾಯ್ಲರಿಗೆ ಬೆಂಕಿ ಹಾಕಿದರೆ ಉಗಿ ಏರಿ ಗಾಡಿ ಅಲುಗುವ ಹೊತ್ತಿಗೆ ಬೀದಿಯ ಮಕ್ಕಳು ಶಾಲೆಗೆ ಹೊರಟಿರುತ್ತಿದ್ದರು.

ರೋಲರ್ ಯಾವತ್ತೂ ಅಂಚಿನಿಂದ ಶುರುವಾಗಬೇಕು, ನಡುವಿಗೆ ಬರಬೇಕು. ಮೊದಲು ನಡುವೆ ಉರುಳಿದರೆ ಕಲ್ಲು ಅಂಚಿಗೆ ಸರಿದು ಇಳಿಜಾರೇ ಕೆಡುತ್ತದೆ. ಪ್ರತಿ ಸಲವೂ ಹಿಂದಿನ ಗಾಲಿಯ ಅರ್ಧ ಅಗಲ ಹಳೆಯ ಪಟ್ಟಿಯ ಮೇಲೆ ಬೀಳಬೇಕು. ಕಾಲಡಿ ಜಲ್ಲಿ ಅಲುಗದ ಹಾಗಾದ ಮೇಲೆ ಸಣ್ಣ ಜಲ್ಲಿ ಎರಚಿ, ಪೊರಕೆಯಲ್ಲಿ ಸಂದಿಗೆ ಗುಡಿಸಿ, ನೀರು ಚಿಮುಕಿಸಿ, ಮತ್ತೆ ರೋಲರ್. ಗರಸು ಮಣ್ಣು ಹರಡಿ, ನೀರು ಹಾಕಿ, ಮತ್ತೆ ರೋಲರ್. ಗಾಲಿಯ ಮುಂದೆ ಕೆಸರು ಅಲೆಯಾಗಿ ಏಳುವವರೆಗೂ. ಕೊನೆಗೆ ಅಪ್ಪ ಒಂದು ಚೂರು ಜಲ್ಲಿಯನ್ನು ರಸ್ತೆ ಮೇಲೆ ಎಸೆದು ಅದರ ಮೇಲೆ ಗಾಲಿ ಹರಿಸುತ್ತಿದ್ದರು. ಚೂರು ರಸ್ತೆಯೊಳಕ್ಕೆ ಹೂತರೆ ಕೆಲಸ ಮುಗಿದಿಲ್ಲ. ಪುಡಿಯಾದರೆ ಮುಗಿಯಿತು. “ಪುಡಿ ಆಯ್ತಾ ನೋಡು ಮಗಾ” ಎಂದು ಮೇಲಿಂದ ಕೂಗುವರು, ನಾನು ಬಗ್ಗಿ ನೋಡಿ “ಆಯ್ತಪ್ಪಾ” ಎನ್ನುವೆ. ಮುಂದೆ ಪ್ರಯೋಗಾಲಯದ ರಿಪೋರ್ಟುಗಳು ನನ್ನ ಮೇಜಿಗೆ ಬರತೊಡಗಿದಾಗಲೂ ಆ ಚೂರು ಜಲ್ಲಿಯ ಪರೀಕ್ಷೆಯ ಮೇಲೆ ನನಗಿದ್ದ ನಂಬಿಕೆ ಕಡಿಮೆಯಾಗಲಿಲ್ಲ.

ಈ ರಸ್ತೆಗಳು ಎತ್ತಿನ ಗಾಡಿಗೆ ಹೇಳಿ ಮಾಡಿಸಿದಂತಿದ್ದವು. ಕಬ್ಬಿಣದ ಪಟ್ಟಿಯ ಗಾಲಿ ಮೇಲಿನ ಜಲ್ಲಿಯನ್ನು ಸವೆಸಿ ಪುಡಿ ಮಾಡುತ್ತಿತ್ತು. ಆ ಪುಡಿಯೇ ಮಳೆ ನೀರಿನೊಂದಿಗೆ ಸಂದಿಗಿಳಿದು ಮತ್ತೆ ಬಿಗಿಯುತ್ತಿತ್ತು. ರಬ್ಬರ್ ಟೈರು ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ವೇಗವಾಗಿ ಉರುಳುವ ಟೈರು ಸಂದಿನ ಪುಡಿಯನ್ನು ಹೀರಿ ಹಾರಿಸುತ್ತದೆ. ಕಚ್ಚಿಕೊಂಡಿದ್ದ ಕಲ್ಲು ಸಡಿಲವಾಗಿ ಎದ್ದುಬರುತ್ತದೆ. ನೀರಿನ ಗಾಡಿಗಳು ಸಂಜೆ ಬೀದಿ ತೊಯಿಸಿದರೂ ಧೂಳು ಅಡಗುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಹೂಲಿ ಎಂಬ ಎಂಜಿನಿಯರ್ 1902ರಲ್ಲಿ ಟಾರ್‌ಮ್ಯಾಕ್ ಪೇಟೆಂಟ್ ಪಡೆದ. ಭಾರತದಲ್ಲಿ ಮೋಟಾರಿನ ಹಾವಳಿಗೆ ಉತ್ತರ ಹುಡುಕಲೆಂದು 1927ರಲ್ಲಿ ಎಂ.ಆರ್. ಜಯಕರ್ ಸಮಿತಿ ಕೂತಿತು. ಪೆಟ್ರೋಲಿನ ಮೇಲೆ ಹೆಚ್ಚುವರಿ ಸುಂಕ ಹಾಕಿ 1929ರಲ್ಲಿ ಕೇಂದ್ರ ರಸ್ತೆ ನಿಧಿ ಆಯಿತು, 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಆ ದುಡ್ಡೆಲ್ಲ ಹೆದ್ದಾರಿಗಳದು. ಅಡ್ಡರಸ್ತೆಗಳಿಗೆ ಊರಿನ ಕಂದಾಯವೇ ಗತಿ, ಊರೊಳಗೆ ಬರುವ ಸರಕಿನ ಮೇಲೆ ಆಕ್ಟ್ರಾಯ್ ಕಟ್ಟೆಗಳಲ್ಲಿ ದಿನಾ ಬೀಳುತ್ತಿದ್ದ ಸುಂಕದ ಚಿಲ್ಲರೆಯೇ ಗತಿ.

ದುಡ್ಡು ಕಡಿಮೆಯಿದ್ದುದರಿಂದ ಅಡ್ಡರಸ್ತೆಗಳಿಗೆ ಸಿಕ್ಕಿದ್ದು ತೆಳುವಾದ ಟಾರು. ನಾವು ಪೇಂಟಿಂಗ್ ಎನ್ನುತ್ತಿದ್ದೆವು, ಜನ ‘ಟಾರ್ ಹೊಡೆಯೋದು’ ಎನ್ನುತ್ತಿದ್ದರು. ಜಲ್ಲಿ ರಸ್ತೆಯ ಧೂಳನ್ನು ತಂತಿ ಬ್ರಷ್ಷು, ಪೊರಕೆ, ಗೋಣಿತಾಟುಗಳಿಂದ ಕಲ್ಲಿನ ಮುಖ ಕಾಣುವಷ್ಟು ತೆಗೆಯುವುದು. ಡ್ರಮ್ಮಿನ ಕೆಳಗೆ ಸೌದೆ ಉರಿಸಿ ಟಾರು ಕಾಯಿಸಿ ಉದ್ದ ಮೂತಿಯ ಡಬ್ಬಗಳಿಂದ ಸಮವಾಗಿ ಸುರಿಯುವುದು. ಆರುವ ಮೊದಲೇ ಬಾಂಡ್ಲಿಗಳಿಂದ ಸಣ್ಣ ಜಲ್ಲಿ ಎರಚಿ ರೋಲರ್ ಹರಿಸುವುದು. ಮೊದಲ ಕೋಟ್‌ಗೆ ಚದರ ಮೀಟರಿಗೆ ಎರಡು ಕಿಲೋ ಒಳಗೆ ಟಾರು. ಕೆಲವು ವರ್ಷ ಕಳೆದು ಹೊಳಪು ಹೋಗಿ ಮೇಲ್ಮೈ ಬೂದುಬಣ್ಣಕ್ಕೆ ತಿರುಗಿದಾಗ ನವೀಕರಣದ ಕೋಟು, ಅದಕ್ಕೆ ಒಂದು ಕಿಲೋ ಆಸುಪಾಸು ಸಾಕು. ರಸ್ತೆ ಎತ್ತರವಾಗುವುದು ಒಂದು ಜಲ್ಲಿ ಕಲ್ಲಿನಷ್ಟು. ಈ ಕೋಟು ಭಾರ ಹೊರುವುದಿಲ್ಲ, ಅದರ ಕೆಲಸವೇ ಬೇರೆ: ಮೇಲಿನಿಂದ ನೀರು ಒಳಗಿಳಿಯದಂತೆ ಬಿರುಕು ಮುಚ್ಚುವುದು. ಭಾರ ಹೊರಲು ಕೆಳಗೆ ಅಪ್ಪ ಉರುಳಿಸಿದ ಜಲ್ಲಿ ಇತ್ತು.

ಇನ್ನೂ ಒಂದು ಇತ್ತು, ಗ್ಯಾಂಗು. ವಾರ್ಡಿಗೊಂದು ಗ್ಯಾಂಗು, ಒಬ್ಬ ಮೇಸ್ತ್ರಿ, ನಾಲ್ಕಾರು ಆಳು, ಒಂದು ಕೈಗಾಡಿ, ಗುದ್ದಲಿ, ಹಾರೆ, ಸನಿಕೆ, ದಮ್ಮಸು. ರಸ್ತೆ ಬದಿಯಲ್ಲಿ ಯಾವಾಗಲೂ ಒಂದು ಗುಡ್ಡೆ ಜಲ್ಲಿ, ಒಂದು ಗುಡ್ಡೆ ಗರಸು. ನಾನು ಕೆಲಸಕ್ಕೆ ಸೇರಿದಾಗ ನನ್ನ ಪಾಲಿಗೆ ಬಂದ ಮೇಸ್ತ್ರಿ ಅಕ್ಷರ ಬಲ್ಲವರಾಗಿರಲಿಲ್ಲ, ಆದರೆ ಪ್ರತಿ ಅಡ್ಡರಸ್ತೆಯಲ್ಲಿ ಮಳೆ ನೀರು ಎಲ್ಲಿ ತಿರುಗುತ್ತದೆ ಎಂದು ಬಲ್ಲವರು. ಏಪ್ರಿಲ್ ತಿಂಗಳಲ್ಲಿ, ಮೇ ತಿಂಗಳ ಗುಡುಗು ಮಳೆಗೆ ಮುಂಚೆ, ಮನೆಯವರು ಹೆಂಚು ಕೈಯಾಡಿಸಿದ ಹಾಗೆ ಅವರು ಬೀದಿ ಕೈಯಾಡಿಸುತ್ತಿದ್ದರು. ಮೋರಿಯ ಬಾಯಿಗಳನ್ನು ಬಿಡಿಸುವುದು, ಅಂಚಿನಲ್ಲಿ ಬೆಳೆದ ಹುಲ್ಲು ಮಣ್ಣನ್ನು ಕೆತ್ತುವುದು, ಕೈಯಗಲದ ಗುಂಡಿಯನ್ನು ಚೌಕವಾಗಿ ಕತ್ತರಿಸಿ ತುಂಬುವುದು.

“ಗುಂಡೀನ ಯಾಕೆ ಕತ್ತರಿಸಿ ದೊಡ್ಡದು ಮಾಡ್ತೀರಿ?” ಎಂದು ಹೊಸದರಲ್ಲಿ ಕೇಳಿದ್ದೆ.

“ಮೇಡಮ್ಮೋರೇ, ಗುಂಡಿ ಅಂಚು ಸಡ್ಲ ಆಗಿರ್ತದೆ. ಸಡ್ಲದ ಮೇಲೆ ಹಾಕಿದ್ರೆ ನಾಳೀಕ್ಕೆ ಕಿತ್ಕೊಂಡ್ ಬರ್ತದೆ. ಗಟ್ಟಿ ಸಿಕ್ಕೋಗಂಟ ಕಡೀಬೇಕು” ಎಂದರು. ಗುಂಡಿ ಮುಚ್ಚುವ ಬಗ್ಗೆ ಬಂದಿರುವ ಎಲ್ಲ ಕೈಪಿಡಿಗಳ ಸಾರ ಅಷ್ಟೇ. ಅಂಚು ನೇರವಾಗಿ ಕಡಿ, ತಳ ಒಣಗಿಸು, ಟಾರು ಬಳಿ, ತುಂಬು, ದಮ್ಮಸು ಹಾಕು. ಮಳೆ ಸುರಿಯುವಾಗ ನೀರು ತುಂಬಿದ ಗುಂಡಿಗೆ ಜಲ್ಲಿ ಸುರಿದು ಹೋಗುವುದನ್ನು ಇವತ್ತೂ ನೋಡುತ್ತೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಗ್ಯಾಂಗು ಹೋದದ್ದು ಒಂದೇ ದಿನದಲ್ಲಿ ಅಲ್ಲ. ನಿವೃತ್ತರಾದವರ ಜಾಗ ತುಂಬಲಿಲ್ಲ. ಉಳಿದವರನ್ನು ಬೇರೆ ಬೇರೆ ಕಡೆ ಹಂಚಿದರು. ಆಕ್ಟ್ರಾಯ್ 1979ರಲ್ಲಿ ರದ್ದಾಗಿತ್ತು. ಊರಿನ ಕೈಗೆ ದಿನವೂ ಬರುತ್ತಿದ್ದ ಹಣ ನಿಂತು, ಅನುದಾನವಾಗಿ ಮೇಲಿನಿಂದ ಬರುವ ಹಣ ಹೆಚ್ಚಾಯಿತು. ಹಾಗೆ ಬಂದ ಹಣಕ್ಕೆ ಎಸ್ಟಿಮೇಟು, ಟೆಂಡರು, ಅಳತೆ ಪುಸ್ತಕ, ಬಿಲ್ಲು ಎಲ್ಲ ಬೇಕು. ಮೋರಿಯ ಬಾಯಿ ಬಿಡಿಸಿದ್ದಕ್ಕೆ ಅಳತೆ ಬರೆಯುವುದು ಕಷ್ಟ. ಇಷ್ಟು ಮೀಟರ್ ಉದ್ದ, ಇಷ್ಟು ಅಗಲ, ಇಷ್ಟು ದಪ್ಪ ಎಂದು ಡಾಂಬರು ಬರೆಯುವುದು ಸಲೀಸು. ಅದೇ ಹೊತ್ತಿಗೆ ಊರ ಹೊರಗೆ ಹಾಟ್‌ಮಿಕ್ಸ್ ಪ್ಲಾಂಟುಗಳು ಬಂದವು. ಲಾರಿಯಲ್ಲಿ ಬಿಸಿ ಮಿಶ್ರಣ ತಂದು, ಪೇವರ್ ಯಂತ್ರದಲ್ಲಿ ಹರಡಿ, ಒಂದು ರಾತ್ರಿಯಲ್ಲಿ ಬೀದಿ ಕಪ್ಪಾಗುತ್ತದೆ. ದೊಡ್ಡ ರಸ್ತೆಗಳಿಗೆ ಇದು ನಿಜಕ್ಕೂ ಒಳ್ಳೆಯದೇ. ದಿನಕ್ಕೆ ನಾಲ್ಕು ಕಾರು, ಹಾಲಿನ ಗಾಡಿ, ಶಾಲೆಯ ವ್ಯಾನು ಓಡುವ ಅಡ್ಡರಸ್ತೆಗೆ ಅಷ್ಟು ದಪ್ಪದ ಅಗತ್ಯವೇ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. 100 ಮೀಟರ್ ಉದ್ದ, 6 ಮೀಟರ್ ಅಗಲದ ಬೀದಿ, ಅಂದರೆ 600 ಚದರ ಮೀಟರ್. ಇದಕ್ಕೆ 40 ಮಿಲಿಮೀಟರ್ ದಪ್ಪದ ಪದರ ಹಾಕಿದರೆ 24 ಘನ ಮೀಟರ್, ತೂಕದಲ್ಲಿ ಸುಮಾರು 55 ಟನ್ ಮಿಶ್ರಣ. ನೂರಕ್ಕೆ ಐದು ಪಾಲು ಟಾರು ಎಂದುಕೊಂಡರೂ 2.75 ಟನ್ ಟಾರು. ಅದೇ ಬೀದಿಗೆ ಹಳೆಯ ರೀತಿಯ ನವೀಕರಣದ ಕೋಟು ಹಾಕಿದರೆ 600ರಿಂದ 700 ಕಿಲೋ ಟಾರು. ಸೌದೆ ಬೆಂಕಿಯ ಹೊಗೆ ಬೇಡವೆಂದರೆ ಈಗ ನೀರಿನಲ್ಲಿ ಬೆರೆತ ಎಮಲ್ಷನ್ ಇದೆ, ಕಾಯಿಸುವ ಹಂಗಿಲ್ಲ. ಅದರ ಜೊತೆ ಕಲ್ಲುಪುಡಿ, ಸಿಮೆಂಟು ಬೆರೆಸಿ ಹರಡುವ ಮೈಕ್ರೋಸರ್ಫೇಸಿಂಗ್ ಪದರ 4ರಿಂದ 8 ಮಿಲಿಮೀಟರ್ ಅಷ್ಟೇ. ಇವೆಲ್ಲಕ್ಕೂ ಒಂದೇ ಷರತ್ತು: ರಸ್ತೆ ಕೆಡುವ ಮೊದಲು ಹಾಕಬೇಕು. ತಳ ಕುಸಿದ ಮೇಲೆ, ಮೊಸಳೆ ಚರ್ಮದಂತೆ ಬಿರುಕು ಬಿಟ್ಟ ಮೇಲೆ ತೆಳು ಕೋಟು ಹಾಕಿದರೆ ಅದೂ ದಂಡ.

ಇಲ್ಲಿಯೇ ನಮ್ಮ ಪದ್ಧತಿ ಎಡವಿತು. ಚೆನ್ನಾಗಿ ಕಾಣುವ ರಸ್ತೆಗೆ ಹಣ ಕೇಳಿದರೆ ಕೊಡುವವರಿಲ್ಲ. ನಾನು ಹಾಗೆ ಕೇಳಿ ಬರೆದ ಪ್ರಸ್ತಾವನೆಗಳು ‘ರಸ್ತೆ ಸುಸ್ಥಿತಿಯಲ್ಲಿದೆ’ ಎಂಬ ಷರಾ ಹೊತ್ತು ವಾಪಸು ಬಂದಿವೆ. ರಸ್ತೆ ಪೂರ್ತಿ ಹಾಳಾಗಿ, ಜನ ಬೈದು, ಪತ್ರಿಕೆಯಲ್ಲಿ ಫೋಟೋ ಬಂದ ಮೇಲೆ ಹಲವು ಪಟ್ಟು ಹಣ ಬರುತ್ತದೆ. ಮಾರ್ಚ್ ಕೊನೆಯೊಳಗೆ ಖರ್ಚಾಗಬೇಕೆಂದು ಬರುತ್ತದೆ. ಹಳೆಯ ಪದರವನ್ನು ಕೆರೆದು ತೆಗೆಯಲು ಪುರುಸೊತ್ತಿಲ್ಲ, ಹಾಗೇ ಮೇಲೆ ಹಾಕುವುದು. ಮೋರಿಯ ಬಾಯಿಗಳೂ ಆ ಟಾರಿನಡಿ ಸೇರುತ್ತವೆ.

ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ ನೀರಿನ ಪೈಪಿಗೆಂದು ಅಗೆದಿದ್ದ ಕಾಲುವೆಗೆ ಇಳಿದು ನಾನು ಈ ಚರಿತ್ರೆಯನ್ನು ಪದರ ಪದರವಾಗಿ ನೋಡಿದ್ದೇನೆ. ಎಲ್ಲಕ್ಕಿಂತ ಕೆಳಗೆ ಕೆಂಪು ನೆಲ. ಅದರ ಮೇಲೆ ಕೈಯಲ್ಲಿ ಒಡೆದ ಜಲ್ಲಿ, ಗರಸಿನಲ್ಲಿ ಕಚ್ಚಿಕೊಂಡು, ಹಾರೆಗೂ ಜಗ್ಗದೆ ನಿಂತಿತ್ತು. ಕ್ರಷರ್ ಜಲ್ಲಿಗೂ ಕೈಜಲ್ಲಿಗೂ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ. ಅದರ ಮೇಲೆ ಬೆರಳು ದಪ್ಪದ ಕಪ್ಪು, ಹಲವು ಪೇಂಟಿಂಗ್ ಕೋಟುಗಳು ಒಂದಾಗಿ ಕೂತದ್ದು; ಎಷ್ಟೋ ದಶಕಗಳ ಆರೈಕೆಗೆ ಅಷ್ಟೇ ಎತ್ತರ. ಅಲ್ಲಿಂದ ಮೇಲಕ್ಕೆ ಹಾಟ್‌ಮಿಕ್ಸಿನ ಪಟ್ಟಿಗಳು, ಒಂದರ ಮೇಲೊಂದು, ಎಲ್ಲ ಸೇರಿ ಒಂದು ಗೇಣು ದಾಟಿದ್ದವು. ಎರಡು ಪಟ್ಟಿಗಳ ನಡುವೆ ಒಂದು ಕಡೆ ಮಣ್ಣಿನ ಗೆರೆ ಇತ್ತು, ಗುಡಿಸದೆ ಹಾಕಿದ್ದಾರೆ ಎಂಬುದಕ್ಕೆ ಸಾಕ್ಷಿ. ಆ ಗೆರೆಯ ಮೇಲಿನ ಪದರವನ್ನು ಕೆಲಸಗಾರರು ಕೈಯಲ್ಲೇ ಹಪ್ಪಳದಂತೆ ಎತ್ತಿದರು. ಕೆಳಗಿನ ಜಲ್ಲಿಯನ್ನು ಎಬ್ಬಿಸಲು ಬ್ರೇಕರ್ ಯಂತ್ರ ತರಿಸಬೇಕಾಯಿತು.

ಅಗೆತದ ಮಾತು ಬಂದದ್ದರಿಂದ ಹೇಳಬೇಕು. ಹೆಸರಘಟ್ಟದ ನೀರು 1896ರ ಹೊತ್ತಿಗೆ, ತಿಪ್ಪಗೊಂಡನಹಳ್ಳಿಯದು 1933ರಲ್ಲಿ, ಕಾವೇರಿಯ ಮೊದಲ ಹಂತ 1974ರಲ್ಲಿ. ಪ್ರತಿ ಸಲವೂ ಪೈಪು ಬೀದಿಯೊಳಗೇ ಇಳಿಯಿತು. ಒಳಚರಂಡಿ, ದೂರವಾಣಿ, ವಿದ್ಯುತ್ತು, 1990ರ ದಶಕದ ಕೊನೆಯಿಂದ ಆಪ್ಟಿಕಲ್ ಫೈಬರ್. ಅಗೆದದ್ದು ತಪ್ಪಲ್ಲ, ಮುಚ್ಚುವ ರೀತಿಯದೇ ತಪ್ಪು. ಅಗೆದ ಮಣ್ಣನ್ನೇ ಒಟ್ಟಿಗೆ ತಳ್ಳಿ ಮುಚ್ಚಿದರೆ ಮೊದಲ ಮಳೆಗೆ ಅದು ಕುಸಿಯುತ್ತದೆ, ಅಕ್ಕಪಕ್ಕದ ಗಟ್ಟಿ ರಸ್ತೆಯನ್ನೂ ಎಳೆದುಕೊಳ್ಳುತ್ತದೆ. ಅರ್ಧ ಅಡಿಗೊಮ್ಮೆ ನೀರು ಹಾಕಿ ದಮ್ಮಸು ಮಾಡಿದರೆ ಕುಸಿಯುವುದಿಲ್ಲ. ದಂಡಿನ ಕಡೆ ರೆಸಿಡೆನ್ಸಿ, ರಿಚ್ಮಂಡ್, ಸೇಂಟ್ ಮಾರ್ಕ್ಸ್ ಮುಂತಾದ ಏಳು ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಯೋಜನೆ ಪೈಪು, ಕೇಬಲ್ಲುಗಳನ್ನು ಫುಟ್‌ಪಾತಿನಡಿಯ ಕೊಳವೆಗಳಿಗೆ ಸರಿಸಿದಾಗ ನನಗೆ ಕನ್ಸರ್ವೆನ್ಸಿ ಗಲ್ಲಿಗಳ ನೆನಪೇ ಬಂತು. ಒಳ್ಳೆಯ ಕೆಲಸ, ಆದರೆ ಆ ಖರ್ಚಿನಲ್ಲಿ ಊರಿನ ಎಲ್ಲ ಅಡ್ಡರಸ್ತೆಗಳನ್ನು ಮಾಡಲಾಗದು.

ಈ ಊರಿನ ಹೊಸ ಪ್ರಯತ್ನಗಳಲ್ಲಿ ನನಗೆ ಹೆಮ್ಮೆಯೆನಿಸುವುದು ಪ್ಲಾಸ್ಟಿಕ್ಕಿನದು. ಅಹ್ಮದ್ ಖಾನ್, ರಸೂಲ್ ಖಾನ್ ಸೋದರರು ಬಿಸಾಡಿದ ಪ್ಲಾಸ್ಟಿಕ್ ಚೀಲಗಳನ್ನು ಚೂರು ಮಾಡಿ ಟಾರಿಗೆ ಬೆರೆಸುವ ಪ್ರಯತ್ನಕ್ಕೆ ಕೈಹಾಕಿದರು. ಬೆಂಗಳೂರು ವಿಶ್ವವಿದ್ಯಾಲಯದ ಪ್ರೊ. ಜಸ್ಟೊ ಮತ್ತು ಪ್ರೊ. ವೀರರಾಘವನ್ ಅದನ್ನು ಪರೀಕ್ಷಿಸಿ, ಟಾರಿನ ತೂಕದ ಶೇ. 8ರಷ್ಟು ಪ್ಲಾಸ್ಟಿಕ್ ಬೆರೆತರೆ ಮಿಶ್ರಣ ಗಟ್ಟಿಯಾಗುತ್ತದೆಂದು 2002ರಲ್ಲಿ ತೋರಿಸಿದರು. ಕಲ್ಲಿಗೂ ಟಾರಿಗೂ ನಡುವೆ ನೀರು ನುಗ್ಗುವುದನ್ನು ಅದು ತಡೆಯುತ್ತದೆ. ಮೇಲೆ ನಿಂತ ನೀರನ್ನು ಓಡಿಸಲು ಮಾತ್ರ ಮೋರಿಯೇ ಬೇಕು. ಇನ್ನು ಕಾಂಕ್ರೀಟು. ಟಾರಿಗಿಂತ ಬಹಳ ಕಾಲ ಬಾಳುತ್ತದೆ, ನಿಜ. ಇಕ್ಕಟ್ಟಿನ ಓಣಿಗಳಿಗೆ ಸರಿಯೂ ಹೌದು. ಹಳೆಯದನ್ನು ತೆಗೆಯದೆ ಅದರ ಮೇಲೇ ಹಾಕಿದರೆ ಮೆಟ್ಟಿಲು ಮತ್ತೆ ಮುಳುಗುತ್ತವೆ, ಮುಂದೆ ಅಗೆದಾಗ ತೇಪೆ ಕೂಡುವುದೂ ಕಷ್ಟ.

ನಾನು ಹಳೆಯ ಬಡಾವಣೆಗಳ ಬಗ್ಗೆಯೇ ಬರೆಯುತ್ತಿದ್ದೇನೆ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಬೆಂಗಳೂರಿಗೆ ಸೇರಿದಾಗ ಬಂದ ಬೀದಿಗಳ ಕಥೆಯೇ ಬೇರೆ. ರೆವಿನ್ಯೂ ನಿವೇಶನಗಳ ಆ ಬೀದಿಗಳ ಅಡಿಯಲ್ಲಿ ಕೈಜಲ್ಲಿ ಇಲ್ಲ, ಎಷ್ಟೋ ಕಡೆ ಮೋರಿಯೇ ಇಲ್ಲ. ಬರೀ ಮಣ್ಣಿನ ಮೇಲೆ ಚುನಾವಣೆಗೆ ಮುಂಚೆ ಕಪ್ಪು ಬಳಿದದ್ದು. ಅಲ್ಲಿ ಮೊದಲ ವರ್ಷದ ಹಣವೆಲ್ಲ ಮೋರಿಗೇ ಹೋಗಬೇಕು, ಎರಡನೆಯ ವರ್ಷದ್ದು ಜಲ್ಲಿಗೆ, ಟಾರು ಮೂರನೆಯದು. ಜನ ಮೊದಲು ಟಾರು ಕೇಳುತ್ತಾರೆ, ಧೂಳು ತಿಂದು ಸಾಕಾಗಿರುತ್ತದೆ. ಅವರ ಬಾಗಿಲಿಗೆ ಹೋಗಿ ಕೂತು ಈ ಕ್ರಮ ಯಾಕೆಂದು ವಿವರಿಸಿದ ಕಡೆಗಳಲ್ಲಿ ಅವರು ಕಾದಿದ್ದಾರೆ.

ನಾನೀಗ ಇರುವ ಬಡಾವಣೆಯಲ್ಲಿ ಅಕ್ಕಪಕ್ಕದ ಎರಡು ಅಡ್ಡರಸ್ತೆಗಳಿಗೆ ಒಂದೇ ವಾರದಲ್ಲಿ, ಒಂದೇ ಲಾರಿಗಳಿಂದ ಡಾಂಬರು ಬಿತ್ತು. ಒಂದರ ಕೊನೆಯಲ್ಲಿ ಹೂವು ಮಾರುವ ಹೆಂಗಸು ತನ್ನ ಗಾಡಿ ನಿಲ್ಲಿಸುತ್ತಾರೆ. ನೀರು ನಿಂತರೆ ವ್ಯಾಪಾರ ಆಗುವುದಿಲ್ಲವಾದ್ದರಿಂದ ಅವರೇ ಕಬ್ಬಿಣದ ಸರಳಿನಿಂದ ಮೋರಿಯ ಬಾಯಿ ಚುಚ್ಚಿ ಎಲೆ, ಕವರು ಎಳೆದು ಹಾಕುತ್ತಾರೆ. ಇನ್ನೊಂದರ ಬಾಯಿಯನ್ನು ಒಬ್ಬರು ಕಾರು ಹತ್ತಿಸಲು ಇಳಿಜಾರು ಕಟ್ಟಿ ಮುಚ್ಚಿದ್ದಾರೆ. ಎರಡನೆಯದರಲ್ಲಿ ಕಳೆದ ಅಕ್ಟೋಬರಿನಿಂದ ಗುಂಡಿಗಳು ಒಂದಕ್ಕೊಂದು ಸೇರಿಕೊಂಡಿವೆ, ತಳದಿಂದ ಅಗೆದು ಹೊಸದಾಗಿಯೇ ಮಾಡಬೇಕು. ಹೂವಿನವರ ರಸ್ತೆಯಲ್ಲಿ ಗುಂಡಿಯಿಲ್ಲ, ಬಣ್ಣ ಬೂದಿಗೆ ತಿರುಗಿದೆ, ನಡುವೆ ಕೂದಲೆಳೆಯ ಬಿರುಕುಗಳು ಶುರುವಾಗಿವೆ. ಅದಕ್ಕೆ ಬೇಕಿರುವುದು ಒಂದು ತೆಳು ಕೋಟು, ಮೇ ತಿಂಗಳ ಮಳೆಗೆ ಮೊದಲು. ನಮ್ಮ ವಾರ್ಡಿನ ಈಗಿನ ಎಂಜಿನಿಯರ್ ಹುಡುಗಿಯನ್ನು ಕರೆದು ತೋರಿಸಿದೆ. ಬಗ್ಗಿ, ಬಿರುಕಿನ ಮೇಲೆ ಬೆರಳಾಡಿಸಿ ನೋಡಿ, ಎಸ್ಟಿಮೇಟು ಮಾಡಿ ಕಳಿಸಿದ್ದಾಳೆ.